ನಮ್ಮಜ್ಜಿಯ ಅವ್ವನ್ನ ಸರ್ಕಾರ ಎಣಿಸಿತ್ತು

ಜನಗಣತಿ ಬಂತು ಅಂದ್ರೆ ನಮ್ಮ ಬೀದೀಲಿ ಮೊದಲು ಏಳೋ ಮಾತು, "ಏನೇನ್ ಕೇಳ್ತಾರಂತೆ? ರೇಷನ್ ಕಾರ್ಡಿಗೆ ಏನಾದ್ರೂ ಪೆಟ್ಟು ಬೀಳುತ್ತಾ?" ಅನ್ನೋದು. 2021ರಲ್ಲಿ ಆಗಬೇಕಿದ್ದ ಗಣತಿ ಕೊರೋನಾ ಕಾಲದಲ್ಲಿ ಮುಂದಕ್ಕೆ ಹೋಗಿ, ಈಗ 2027ರ ಮಾರ್ಚ್ 1ನೇ ತಾರೀಕಿನ ಲೆಕ್ಕಕ್ಕೆ ಬಂದು ನಿಂತೈತೆ. 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಮನೆ ಪಟ್ಟಿ, ಆಮೇಲೆ ತಲೆ ಎಣಿಕೆ. ಈ ಸಲ ಕಾಗದ ಇಲ್ಲ, ಮೊಬೈಲಿನಲ್ಲೇ ಬರೆದುಕೊಳ್ಳೋದು. ಜಾತೀನೂ ಕೇಳ್ತಾರೆ. ಇದೆಲ್ಲ ನಿಮಗೆ ಟಿವೀಲಿ ಗೊತ್ತಾಗಿರುತ್ತೆ. ನಾನು ಬರೆಯೋಕೆ ಕೂತಿರೋದು ಇನ್ನೊಂದು ವಿಷಯ. ಬರೆದುಕೊಂಡು ಹೋದಮೇಲೆ ನಮ್ಮ ಹೆಸರು ಎಲ್ಲಿಗೆ ಹೋಗುತ್ತೆ? ನಮ್ಮ ಅಜ್ಜಿ, ಮುತ್ತಜ್ಜಿಯರನ್ನ ಎಣಿಸಿಕೊಂಡು ಹೋದ ಕಾಗದ ಎಲ್ಲೈತೆ? ನಾವು ಹೋಗಿ ನೋಡಬಹುದಾ?

ಈ ಪ್ರಶ್ನೆ ನನಗೆ ಯಾಕೆ ಬಂತು ಅಂದ್ರೆ, ನಮ್ಮಜ್ಜಿಯ ಅವ್ವನ ಹೆಸರು ನಮ್ಮ ಮನೆತನದಲ್ಲಿ ಒಬ್ಬರಿಗೂ ಗೊತ್ತಿಲ್ಲ. ನಮ್ಮಜ್ಜಿ ಎರಡು ವರ್ಷದ ಕೂಸಾಗಿದ್ದಾಗ 1918ರ ಜ್ವರದಲ್ಲಿ ಆಕೆ ತೀರಿಕೊಂಡಳು. ಮೊದಲನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಬಂದ ಇನ್‌ಫ್ಲುಯೆಂಜಾ ಅದು, ಹಳಬರು ಯುದ್ಧಜ್ವರ ಅಂತಿದ್ರು. ಇಡೀ ಇಂಡಿಯಾದಲ್ಲಿ ಒಂದು ಕೋಟಿಗೂ ಮೇಲೆ ಜನ ಹೋದರು. ನಮ್ಮಜ್ಜಿಯ ಅಪ್ಪ ಇನ್ನೊಂದು ಮದುವೆ ಮಾಡಿಕೊಂಡರು. ಮಲತಾಯಿ ಒಳ್ಳೆಯವಳೇ, ಸಾಕಿದಳು. ಆದ್ರೆ ಮನೇಲಿ ಹೋದವಳ ಹೆಸರು ಎತ್ತುವಂಗಿರಲಿಲ್ಲ. ನಮ್ಮಜ್ಜಿ ಕೇಳೋ ವಯಸ್ಸಿಗೆ ಬರೋ ಹೊತ್ತಿಗೆ ಹೇಳೋರೂ ಇರಲಿಲ್ಲ. "ನಮ್ಮವ್ವ ಬಿಳೀಕಿದ್ಲಂತೆ, ಕೂದಲು ಉದ್ದ ಇತ್ತಂತೆ" ಅನ್ನೋದಷ್ಟೇ ಆಕೆಗೆ ಉಳಿದಿದ್ದು. ಪಿತೃಪಕ್ಷದಲ್ಲಿ ಎಡೆ ಇಕ್ಕುವಾಗ ಗಂಡಸರ ಕಡೆ ಹೆಸರು ನಾಲ್ಕು ತಲೆಮಾರು ಹೇಳ್ತೀವಿ. ಆಕೇಗೆ ಬರೀ "ಹಿರೀಕರಿಗೆ" ಅಂತ ಕೈ ಮುಗಿಯೋದು.

ಆದ್ರೆ ಆಕೇನ ಸರ್ಕಾರ ಎಣಿಸಿತ್ತು. ಅದು ಖಾತ್ರಿ. 1911ರ ಮಾರ್ಚ್ 10ರ ರಾತ್ರಿ ಮೈಸೂರು ಸಂಸ್ಥಾನದಲ್ಲಿ ಜನಗಣತಿ ಆಯ್ತು. ಆಗಿನ ಗಣತಿ ಈಗಿನ ಥರ ಇಪ್ಪತ್ತು ದಿನದ ಕೆಲಸ ಅಲ್ಲ. ಮೊದಲೇ ಮನೆಗಳಿಗೆ ನಂಬರು ಹಾಕಿ, ಪಟ್ಟಿ ಬರೆದಿಟ್ಟುಕೊಂಡಿದ್ದು, ಗೊತ್ತಾದ ರಾತ್ರಿ ಎಣಿಸೋರು ಮನೆ ಮನೆಗೆ ಹೋಗಿ ಸತ್ತವರ ಹೆಸರು ಹೊಡೆದು, ಹುಟ್ಟಿದ ಕೂಸು, ಬಂದ ನೆಂಟರನ್ನ ಸೇರಿಸಿ ಮುಗಿಸೋರು. ಆ ರಾತ್ರಿ ಸಂಸ್ಥಾನದ ಒಟ್ಟು ಲೆಕ್ಕ 58,06,193. ಅದರ ಕೊನೆಯ ಆ ಮೂರರಲ್ಲೋ, ನಡುವಿನ ಸೊನ್ನೆಯ ಅಕ್ಕಪಕ್ಕದಲ್ಲೋ ಹತ್ತು ಹನ್ನೆರಡು ವರ್ಷದ ಹುಡುಗಿಯಾಗಿ ನಮ್ಮಜ್ಜಿಯ ಅವ್ವ ಅವಳೆ. ಹತ್ತು ವರ್ಷ ಬಿಟ್ಟು 1921ರಲ್ಲಿ ಎಣಿಸಿದಾಗ 59,78,892. ಹತ್ತು ವರ್ಷಕ್ಕೆ ಬರೀ ಒಂದು ಲಕ್ಷ ಎಪ್ಪತ್ತೆರಡು ಸಾವಿರ ಚಿಲ್ಲರೆ ಜನ ಹೆಚ್ಚಾದರು. ಆ ಲೆಕ್ಕದಲ್ಲಿ ಆಕೆ ಇಲ್ಲ. ಆಕೆ ಇಲ್ಲದಿದ್ದೂ ಒಂದು ಲೆಕ್ಕವೇ.

ನಮ್ಮ ಕಡೆ ಗಣತಿಯ ಕಥೆ ಇನ್ನೂ ಹಿಂದಕ್ಕೆ ಹೋಗುತ್ತೆ. ಮೈಸೂರಿನಲ್ಲಿ ಈಗಿನ ಪದ್ಧತಿಯ ಮೊದಲ ಗಣತಿ 1871ರಲ್ಲಿ ಆಯ್ತು. ಆಗ 50,55,412 ಜನ. ಎರಡನೇದು 1881. ಆಗ 41,86,188. ನೋಡ್ರಮ್ಮ, ಹತ್ತು ವರ್ಷಕ್ಕೆ ಜನ ಹೆಚ್ಚಬೇಕಾದ್ದು, 8,69,224 ತಲೆ ಕಮ್ಮಿ. ನಡುವೆ ಬಂದಿದ್ದು 1876ರಿಂದ 78ರವರೆಗಿನ ಬರ. ನಮ್ಮ ಹಳಬರು "ಧಾತು ಈಶ್ವರದ ಬರ" ಅಂತ ಹೇಳ್ತಿದ್ದದ್ದು ಇದನ್ನೇ. ನಮ್ಮಂಥ ಬಯಲುಸೀಮೆಗೇ ಹೆಚ್ಚು ಹೊಡೆತ. ಈಗಲೂ ಪಹಣಿ ಪಟ್ಟೀಲಿ ಬೇಚರಾಕ್ ಗ್ರಾಮ ಅಂತ ಬರುತ್ತಲ್ಲ, ಹೆಸರೈತೆ, ಹೊಲ ಐತೆ, ಮನೆ ಒಂದೂ ಇಲ್ಲ. ಕೆಲವು ಬರಕ್ಕೆ, ಕೆಲವು ಪ್ಲೇಗಿಗೆ, ಕೆಲವು ನೀರಿಲ್ಲದೆ ಪಾಳು ಬಿದ್ದವು. ಆ 1881ರ ವರದಿ ಬರೆದೋರು ಲೂಯಿಸ್ ರೈಸ್, ಊರೂರು ಸುತ್ತಿ ಶಾಸನ ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಪುಸ್ತಕ ಮಾಡಿದೋರು. ನಮ್ಮ ತುಮಕೂರು ಜಿಲ್ಲೆಯ ಶಾಸನಗಳು ಅದರ ಹನ್ನೆರಡನೇ ಸಂಪುಟ. ಎಂಟುನೂರು ವರ್ಷದ ಹಿಂದಿನ ಕಲ್ಲಿನ ಮೇಲಿರೋ ಹೆಣ್ಣಿನ ಹೆಸರು ಅದೇ ಮನುಷ್ಯನ ಪುಸ್ತಕದಲ್ಲಿ ಸಿಗುತ್ತೆ. ಅವರೇ ಎಣಿಸಿದ ಲಕ್ಷಗಟ್ಟಲೆ ಜನರ ಹೆಸರು ಒಂದೂ ಸಿಗೋದಿಲ್ಲ.

ಯಾಕೆ ಸಿಗೋದಿಲ್ಲ ಅಂದ್ರೆ, ಗಣತಿಗೆ ಬೇಕಾಗಿದ್ದು ಹೆಸರಲ್ಲ, ಮೊತ್ತ. ಮನೆಯ ಪಟ್ಟಿಯಿಂದ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬರೆಯೋರು. ಆ ಚೀಟಿಗಳನ್ನ ಗೂಡುಗೂಡಿನ ಪೆಟ್ಟಿಗೇಲಿ ವಿಂಗಡಿಸೋರು. ಹೆಂಗಸರ ಗೂಡು, ಗಂಡಸರ ಗೂಡು, ವಯಸ್ಸಿಗೊಂದು, ಜಾತಿಗೊಂದು, ಕಸುಬಿಗೊಂದು. ನಾವು ಕೊಬ್ಬರಿ ಆರಿಸೋದಿಲ್ವೇ, ಒಂದನೇ ದರ್ಜೆ ಒಂದು ಕಡೆ, ಕೌಟು ಹತ್ತಿದ್ದು ಒಂದು ಕಡೆ, ಹಂಗೆ. ಎಣಿಸಿ ಪುಸ್ತಕಕ್ಕೆ ಬರೆದಾದ ಮೇಲೆ ಚೀಟಿಯ ಕೆಲಸ ಮುಗೀತು. ಲಕ್ಷಾಂತರ ಚೀಟಿ ಯಾರು ಇಟ್ಟುಕೊಳ್ತಾರೆ? ನಾಶ ಮಾಡೋರು. ತೂಕದ ಚೀಟಿ ಉಳೀತು, ತೋಟ ಯಾರದ್ದು ಅನ್ನೋದು ಹೋಯ್ತು.

1931ರ ಮೈಸೂರು ಗಣತಿ ವರದಿ ಬರೆದೋರು ಯಾರು ಗೊತ್ತಾ? ಎಂ. ವೆಂಕಟೇಶ ಅಯ್ಯಂಗಾರ್. ನಮ್ಮ ಮಾಸ್ತಿಯವರೇ. ಸಣ್ಣಕತೆ ಬರೆದ ಕೈಯೇ ಸಂಸ್ಥಾನದ 65,57,302 ಜನರ ಲೆಕ್ಕವನ್ನೂ ಬರೀತು. ಇಡೀ ದೇಶದಲ್ಲಿ ಎಲ್ಲಾ ಜಾತಿಗಳ ಲೆಕ್ಕ ಅಚ್ಚಾಗಿದ್ದು ಆ ವರ್ಷವೇ ಕೊನೆ. ಅದಕ್ಕೇ ಈಗಲೂ ಮೀಸಲಾತಿ ಮಾತು ಬಂದಾಗೆಲ್ಲ "1931ರ ಪ್ರಕಾರ" ಅಂತಾರೆ. ಮೊತ್ತಕ್ಕೆ ಅಷ್ಟು ಆಯುಸ್ಸು.

ಇನ್ನೊಂದು ವಿಷಯ ಓದಿ ನನಗೆ ಎದೆ ಚುರ್ ಅಂತು. ಬ್ರಿಟಿಷರ ಕಾಲದ ಗಣತಿಯ ಸೂಚನೆಯಲ್ಲಿ, ಹೆಂಗಸಿನ ಹೆಸರು ಹೇಳೋಕೆ ಮನೆಯವರು ಒಪ್ಪದಿದ್ದರೆ ಹೆಸರಿನ ಕಲಮಿನಲ್ಲಿ ಬರೀ "ಹೆಂಗಸು" ಅಂತ ಬರೆದುಕೊಳ್ಳಿ ಅಂತಿತ್ತು. ಅಂದ್ರೆ 1911ರ ಪಟ್ಟಿ ಎಲ್ಲೋ ಗೆದ್ದಲು ತಿನ್ನದೆ ಉಳಿದು, ನಾನು ಹೋಗಿ ತೆಗೆದು ನೋಡಿದರೂ, ಮನೆ ನಂಬರು, ಯಜಮಾನನ ಹೆಸರು, ಅದರ ಕೆಳಗೆ "ಹೆಂಗಸು, ವಯಸ್ಸು 12" ಅಂತಷ್ಟೇ ಇರಬಹುದಿತ್ತು. ಇದು ಬರೀ ಬ್ರಿಟಿಷರ ಕಾಲದ್ದು ಅನ್ನಬೇಡಿ. 1951-52ರ ನಮ್ಮ ಮೊದಲನೇ ಚುನಾವಣೆಗೆ ಮತದಾರರ ಪಟ್ಟಿ ಮಾಡಿದಾಗ, ಉತ್ತರದ ಕಡೆ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ "ಇಂಥವರ ಹೆಂಡತಿ, ಇಂಥವರ ಮಗಳು" ಅಂತ ಬರೆಸಿದ್ರಂತೆ. ಆಗಿನ ಚುನಾವಣಾ ಆಯುಕ್ತ ಸುಕುಮಾರ್ ಸೇನ್, ಹೆಸರಿಲ್ಲದೋರು ಪಟ್ಟೀಲಿ ಇರೋಹಂಗಿಲ್ಲ ಅಂತ ಗಟ್ಟಿಯಾಗಿ ಹೇಳಿ, ಸುಮಾರು 28 ಲಕ್ಷ ಹೆಂಗಸರನ್ನ ಪಟ್ಟಿಯಿಂದ ಬಿಟ್ಟರು. ಆ ಸಲ ಅವರಿಗೆ ಓಟಿಲ್ಲ. ಕಟುವಾದ ಕೆಲಸ ನಿಜ. ಆದ್ರೆ ಮುಂದಿನ ಚುನಾವಣೆ ಹೊತ್ತಿಗೆ ಬಹಳ ಜನ ಹೆಸರು ಬರೆಸಿದರು. ಅವರ ಮೊಮ್ಮಕ್ಕಳಿಗೆ ಇವತ್ತು ಅಜ್ಜಿ ಹೆಸರು ಸರ್ಕಾರಿ ಕಾಗದದಲ್ಲಿ ಸಿಗೋದು ಆ ಗಟ್ಟಿತನದಿಂದ.

ಈಗ ಕಾನೂನಿಗೆ ಬರೋಣ. ಸ್ವಾತಂತ್ರ್ಯ ಬಂದಮೇಲೆ 1948ರಲ್ಲಿ ಜನಗಣತಿ ಕಾಯ್ದೆ ಮಾಡಿದರು. ಅದರ 15ನೇ ಕಲಂ ಎರಡು ಮಾತು ಹೇಳುತ್ತೆ. ಒಂದು, ಗಣತಿಯವರು ಬರೆದ ಪುಸ್ತಕ, ರಿಜಿಸ್ಟರನ್ನ ನೋಡೋ ಹಕ್ಕು ಯಾರಿಗೂ ಇಲ್ಲ. ಎರಡು, ಅದರಲ್ಲಿ ಬರೆದಿದ್ದನ್ನ ಸಿವಿಲ್ ಕೋರ್ಟಿನಲ್ಲಿ ಸಾಕ್ಷಿಯಾಗಿ ತರೋಹಂಗಿಲ್ಲ. ಇಷ್ಟು ವರ್ಷ ಆದ್ಮೇಲೆ ತೆರೀತೀವಿ ಅನ್ನೋ ಮಾತು ಅದರಲ್ಲಿಲ್ಲ. ಐವತ್ತು ವರ್ಷ ಆದ್ರೂ ಇಲ್ಲ, ನೂರು ಆದ್ರೂ ಇಲ್ಲ.

ಬೇರೆ ದೇಶದಲ್ಲಿ ಹಿಂಗಿಲ್ಲ. ಅಮೆರಿಕದಲ್ಲಿ 72 ವರ್ಷ ಮುಚ್ಚಿಟ್ಟು ಆಮೇಲೆ ತೆರೀತಾರೆ. 1950ರ ಗಣತಿಯ ಹಾಳೆಗಳನ್ನ 2022ರ ಏಪ್ರಿಲ್ 1ರಂದು ತೆರೆದರು. ಕೈಬರಹದ ಹಾಳೇನೇ ಮೊಬೈಲಲ್ಲಿ ನೋಡಬಹುದು. ಇಂಗ್ಲೆಂಡಿನಲ್ಲಿ ನೂರು ವರ್ಷ, 1921ರದ್ದು 2022ರ ಜನವರೀಲಿ ತೆರೀತು. ಕೆನಡಾದಲ್ಲಿ 92 ವರ್ಷ. ಐರ್ಲೆಂಡಿನೋರು 1901, 1911ರ ಪಟ್ಟಿಗಳನ್ನ ಕಾಸು ತಗೊಳ್ಳದೆ ಎಲ್ಲರಿಗೂ ನೋಡೋಕೆ ಇಟ್ಟವರೆ. ಅಂದ್ರೆ ನಮ್ಮಜ್ಜಿಯ ಅವ್ವನ್ನ ಎಣಿಸಿದ ಅದೇ ವರ್ಷ ಐರ್ಲೆಂಡಿನ ಯಾವುದೋ ಹಳ್ಳೀಲಿ ಎಣಿಸಿಕೊಂಡ ಹುಡುಗಿಯ ಹೆಸರು, ವಯಸ್ಸು, ಓದೋಕೆ ಬರುತ್ತಾ ಇಲ್ವಾ ಅನ್ನೋದೂ ನಾನು ಹುಳಿಯಾರಿನ ನಮ್ಮ ಅಡುಗೆಮನೇಲಿ ಕೂತು ನೋಡಬಹುದು. ನಮ್ಮೋಳದ್ದು ನೋಡೋಕಾಗಲ್ಲ. ಹಂಗಂತ ಅಲ್ಲಿ ಎಲ್ಲ ಉಳಿದೈತೆ ಅಂತಲ್ಲ. ಇಂಗ್ಲೆಂಡಿನ 1931ರ ಪಟ್ಟಿಗಳು 1942ರಲ್ಲಿ ಬೆಂಕಿಗೆ ಹೋದವು. ಅಮೆರಿಕದ 1890ರದ್ದೂ ಬಹುಪಾಲು ಬೆಂಕಿಗೆ ಸಿಕ್ಕಿ ಹಾಳಾಯ್ತು. ಆದ್ರೆ ಅವು ಆಕಸ್ಮಿಕ. ನಮ್ಮಲ್ಲಿ ಅದೇ ಪದ್ಧತಿ.

ಹಂಗಾದ್ರೆ ನಮ್ಮ ಕಾನೂನು ಸುಮ್ಮನೆ ಮಾಡಿದ್ದಾ? ಅಲ್ಲ. ಈ ಮಾತು ಹೆಣ್ಣುಮಕ್ಕಳಿಗೇ ಬೇಗ ಅರ್ಥ ಆಗುತ್ತೆ. ಗಣತಿಯೋರು ವಯಸ್ಸು ಕೇಳ್ತಾರೆ, ಮದುವೆ ಆಗೈತಾ, ಗಂಡ ಅವನಾ, ಬಿಟ್ಟವನಾ, ಎಷ್ಟು ಮಕ್ಕಳು ಹುಟ್ಟಿದ್ವು, ಎಷ್ಟು ಉಳಿದ್ವು, ಮನೇಲಿ ಅಂಗವಿಕಲರು ಅವ್ರಾ ಅಂತ ಕೇಳ್ತಾರೆ. ಇದು ನಾಳೆ ಪಕ್ಕದ ಮನೆಯೋರ ಕೈಗೋ, ದಾಯಾದಿ ಕೈಗೋ, ಹೆಣ್ಣು ನೋಡೋಕೆ ಬರೋರ ಕೈಗೋ ಸಿಗುತ್ತೆ ಅಂದ್ರೆ ಯಾರು ನಿಜ ಹೇಳ್ತಾರೆ? ಗುಟ್ಟು ಇರುತ್ತೆ ಅನ್ನೋ ನಂಬಿಕೆ ಮೇಲೇ ಗಣತಿ ನಿಂತೈತೆ.

ಮನೆತನದ ಪಟ್ಟಿ ತೆರೆದು ಅದನ್ನೇ ಸಾಕ್ಷಿ ಮಾಡಿಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಅಸ್ಸಾಂ ನೋಡಬೇಕು. 1951ರ ಗಣತಿ ಜೊತೇಲೇ ಊರೂರಿನ ಮನೆಮಂದಿ ಹೆಸರು ಬರೆದು ಪೌರರ ರಿಜಿಸ್ಟರ್ ಅಂತ ಮಾಡಿದ್ದರು. ಅಸ್ಸಾಮಿನಲ್ಲಿ ಮೊನ್ನೆ ಮೊನ್ನೆ ಅದನ್ನ ಹೊಸದಾಗಿ ಮಾಡುವಾಗ, ಆ ಹಳೇ ಪಟ್ಟಿಯಲ್ಲೋ, 1971ರ ಮಾರ್ಚ್ 24ರವರೆಗಿನ ಮತದಾರರ ಪಟ್ಟಿಯಲ್ಲೋ ನಿಮ್ಮ ಅಪ್ಪ, ಅಜ್ಜನ ಹೆಸರು ತೋರಿಸಿ, ನೀವು ಅವರ ಮಕ್ಕಳು ಅಂತ ರುಜುವಾತು ಮಾಡಿ ಅಂದ್ರು. ಇದರಲ್ಲಿ ಸಿಕ್ಕಿಬಿದ್ದೋರು ಮದುವೆಯಾದ ಹೆಂಗಸರು. ಶಾಲೆಗೆ ಹೋಗಿಲ್ಲ, ಹುಟ್ಟಿದ ದಾಖಲೆ ಇಲ್ಲ, ಮತದಾರರ ಪಟ್ಟಿಗೆ ಬರೋ ಹೊತ್ತಿಗೆ ಗಂಡನ ಮನೇಲಿ "ಇಂಥವರ ಹೆಂಡತಿ". ಅಪ್ಪನ ಮಗಳು ಅಂತ ಹೇಳೋ ಒಂದು ಚೂರು ಕಾಗದವೂ ಇಲ್ಲ. ಲಕ್ಷಾಂತರ ಹೆಂಗಸರು ಪಂಚಾಯ್ತಿ ಕಾರ್ಯದರ್ಶಿಯ ಪತ್ರ ಹಿಡಿದು ಹೋದರು. ಅದು ನಡೆಯೋದಿಲ್ಲ ಅಂತ ಒಂದು ಕೋರ್ಟು, ಪರೀಕ್ಷೆ ಮಾಡಿ ಒಪ್ಪಬಹುದು ಅಂತ 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು. ಕೊನೆಗೆ 2019ರ ಆಗಸ್ಟ್ 31ರ ಪಟ್ಟಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. 2025ರಲ್ಲಿ ಬಿಹಾರದ ಮತದಾರರ ಪಟ್ಟಿ ಪರಿಷ್ಕರಣೆ ಆದಾಗಲೂ ಜನ 2003ರ ಪಟ್ಟೀಲಿ ಅಪ್ಪ ಅಮ್ಮನ ಹೆಸರು ಹುಡುಕಿದರು. ಸೊಸೆಯಂದಿರು ತವರಿನ ಪಟ್ಟಿ ಹುಡುಕಬೇಕಾಯ್ತು.

ಇದೆಲ್ಲ ದೂರದ ಮಾತು ಅನ್ನಬೇಡಿ. ನಮ್ಮ ಕಡೆ ತೆಂಗಿನ ತೋಟದ ಖಾತೆ ಮಾಡಿಸೋಕೆ ನಾಡಕಚೇರಿಗೆ ವಂಶವೃಕ್ಷಕ್ಕೆ ಅರ್ಜಿ ಹಾಕ್ತಾರಲ್ಲ, ಅದರಲ್ಲಿ ಮನೆಯೋರೇ ಹೆಣ್ಣುಮಕ್ಕಳ ಕೊಂಬೆ ಕತ್ತರಿಸಿ ಬರೆದುಕೊಟ್ಟಿದ್ದು ಎಷ್ಟು ಕಂಡಿಲ್ಲ ನಾವು? ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಮಾಡಿತ್ತು. ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂತು. 2005ಕ್ಕೆ ಮುಂಚೆ ಅಪ್ಪ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗೋದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾನೂನು ಬಂದೈತೆ. ಆದ್ರೆ ನೀನು ಇಂಥವರ ಮಗಳು ಅನ್ನೋ ಕಾಗದ ಬೇಕಲ್ಲ?

ಅದಕ್ಕೇ ನನಗೆ ಅನ್ನಿಸೋದು ಇಷ್ಟು. 15ನೇ ಕಲಮಿನ ಎರಡು ಮಾತಿನಲ್ಲಿ ಎರಡನೇದು ಹಂಗೇ ಇರಲಿ. ಗಣತಿ ಪಟ್ಟಿಯಿಂದ ಯಾರನ್ನೂ ಮನೆಯಿಂದ, ಊರಿಂದ, ದೇಶದಿಂದ ಹೊರಗೆ ಹಾಕೋಕೆ ಆಗಬಾರದು. ಮೊದಲನೇದಕ್ಕೆ ಮಾತ್ರ ಒಂದು ಗಡುವು ಹಾಕಲಿ, ನೂರು ವರ್ಷ ಅಂತ. ನೂರು ವರ್ಷ ಆದ್ಮೇಲೆ ಎಣಿಸಿಕೊಂಡೋರು ಇರೋದಿಲ್ಲ, ಹುಡುಕೋ ಮರಿಮಕ್ಕಳಿರ್ತಾರೆ. ಹಳೇದಂತೂ ಇಲ್ಲ, ಅದನ್ನ ತೆರೀರಿ ಅನ್ನೋದೂ ಸುಳ್ಳು ಆಸೆ. ಆದ್ರೆ ಈಗ ಮೊಬೈಲಲ್ಲಿ ಬರೆದುಕೊಳ್ಳೋದಕ್ಕೆ ಗೋಡೌನ್ ಬೇಡ, ಗೆದ್ದಲ ಭಯ ಇಲ್ಲ. ಇಟ್ಟುಕೊಳ್ಳಬೇಕು ಅಂತ ಈಗಲೇ ತೀರ್ಮಾನ ಮಾಡಿದರೆ 2127ರಲ್ಲಿ ಯಾವಳೋ ಒಬ್ಬಳು ನಮ್ಮನ್ನ ಹೆಸರು ಹಿಡಿದು ಹುಡುಕಬಹುದು. ಅದಕ್ಕೆ ನಾವು ಮಾಡಬೇಕಾಗಿರೋದು, ಬರೆದುಕೊಳ್ಳೋಕೆ ಬಂದಾಗ ಯಜಮಾನರು ಮುಂದೆ ನಿಂತು ಎಲ್ಲರ ಪರವಾಗಿ ಹೇಳ್ತಾರೆ ಅಂತ ಒಳಗೆ ಕೂರದೆ, ಬಂದು ನಮ್ಮ ಪೂರ್ತಿ ಹೆಸರು ನಾವೇ ಹೇಳೋದು. ಮನೇಲಿ ಕರೆಯೋ ಹೆಸರಲ್ಲ, ಕಾಗದದ ಹೆಸರು.

ಅಲ್ಲೀವರೆಗೆ ನಮ್ಮೋರನ್ನ ಎಲ್ಲಿ ಹುಡುಕೋದು? ಸ್ವಲ್ಪ ದಾರಿ ಅವೆ.

ಗಣತಿಯ ಹಳೇ ವರದಿಗಳು, ಪಟ್ಟಿಗಳು ಜನಗಣತಿ ಇಲಾಖೆಯ ಜಾಲತಾಣದಲ್ಲಿ ಸಿಗ್ತವೆ. 1951ರಿಂದ ಜಿಲ್ಲಾ ಗಣತಿ ಕೈಪಿಡಿ ಅಂತ ಮಾಡವರೆ. ಅದರಲ್ಲಿ ಊರೂರಿಗೆ ಎಷ್ಟು ಮನೆ, ಎಷ್ಟು ಗಂಡಸರು, ಎಷ್ಟು ಹೆಂಗಸರು ಅಂತ ಇರುತ್ತೆ. ಹೆಸರಿಲ್ಲ. ಆದ್ರೂ ನಿಮ್ಮ ತವರಿನ ಹಳ್ಳಿ ತೆಗೆದು ನೋಡಿ. ನಿಮ್ಮವ್ವ ಆ ಹೆಂಗಸರ ಲೆಕ್ಕದಲ್ಲಿ ಒಂದು.

ಹುಟ್ಟು ಸಾವಿನ ರಿಜಿಸ್ಟರು ಮೊದಲು ಊರ ಪಟೇಲರ ಕೈಯಲ್ಲಿರುತ್ತಿತ್ತು. 1969ರ ಕಾಯ್ದೆ ಬಂದಮೇಲೆ ನೋಂದಣಿ ಕಡ್ಡಾಯ. ಹಳೇದು ತಾಲ್ಲೂಕು ಕಚೇರಿಯ ದಾಖಲೆ ಕೋಣೇಲಿ ಉಳಿದಿದ್ದರೆ ನಕಲು ಕೇಳಬಹುದು. ಪ್ರೈಮರಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದೇ ವರ್ಷ ಓದಿದ ಹುಡುಗಿಯ ಹೆಸರೂ ಅಪ್ಪನ ಹೆಸರಿನ ಜೊತೆ ಇರುತ್ತೆ, ಇದಕ್ಕಿಂತ ಗಟ್ಟಿ ಕಾಗದ ಹಳೇ ಹೆಂಗಸರಿಗೆ ಇನ್ನೊಂದಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರಗಳಲ್ಲಿ, ಅರಿಶಿನ ಕುಂಕುಮಕ್ಕೆ ಅಂತ ಮಗಳಿಗೆ ಕೊಟ್ಟ ಜಮೀನಿನ ದಾನಪತ್ರಗಳಲ್ಲಿ ಹೆಂಗಸರ ಹೆಸರು ಬರುತ್ತೆ. ಹೆಬ್ಬೆಟ್ಟಿನ ಪಕ್ಕದಲ್ಲಾದ್ರೂ ಬರುತ್ತೆ.

ಹೆಳವರನ್ನ ಮರೆಯಬಾರದು. ಸುಗ್ಗಿ ಮುಗಿದ ಮೇಲೆ ಬಂದು ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದವರನ್ನ ಪುಸ್ತಕಕ್ಕೆ ಸೇರಿಸಿಕೊಂಡು, ಕಾಳು ಇಸ್ಕೊಂಡು ಹೋಗೋರು. ಯಾವ ಊರಿಂದ ಬಂದ್ರು, ಯಾಕೆ ಬಿಟ್ಟು ಬಂದ್ರು ಅನ್ನೋದೆಲ್ಲ ಅವರ ಬಾಯಲ್ಲಿ ಐತೆ. ನಮ್ಮ ಮನೆಗೆ ಬಂದೋರು ಗಂಡುಮಕ್ಕಳ ಹೆಸರೇ ಓದಿದರು. ಮುಂದಿನ ಸಲ ಬಂದಾಗ ಹೆಣ್ಣುಮಕ್ಕಳನ್ನೂ ಬರ್ಕೊಳ್ಳಿ ಅಂತ ನಾವೇ ಹೇಳಬೇಕು. ಕಾಳು ಅಳೆಯೋ ಕೈ ನಮ್ಮದೇ ಅಲ್ವಾ?

ಕೊನೇದು, ನಿಮ್ಮ ಅಟ್ಟ. ಮದುವೇಲಿ ಕೊಟ್ಟ ಹಿತ್ತಾಳೆ ಕೊಳಗ, ತಂಬಿಗೆ, ಹಂಡೆಗಳ ಕಂಠದ ಮೇಲೆ ಕೊಟ್ಟೋರ ಹೆಸರು, ಒಮ್ಮೊಮ್ಮೆ ತಾರೀಕು ಕೊರೆಸಿರ್ತಾರೆ. ಹುಣಸೆಹಣ್ಣು ಹಾಕಿ ತಿಕ್ಕಿ ನೋಡಿ, ಅಕ್ಷರ ಏಳ್ತವೆ. ಹಳೇ ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕೋ ಮುಂಚೆ ಒಂದು ಫೋಟೋ ಆದ್ರೂ ತೆಗೆದುಕೊಳ್ಳಿ. ಮನೇಲಿ ಎಂಬತ್ತು ದಾಟಿದ ಅತ್ತೆಯೋ ದೊಡ್ಡಮ್ಮನೋ ಇದ್ದರೆ ಈ ವಾರವೇ ಒಂದು ನೋಟುಬುಕ್ಕು ಹಿಡಿದು ಕೂತ್ಕೊಳ್ಳಿ. ನಿಮ್ಮವ್ವನ ಹೆಸರೇನು, ಅವರವ್ವನ ಹೆಸರೇನು, ತವರು ಯಾವುದು, ಎಷ್ಟು ಜನ ಅಕ್ಕತಂಗೀರು, ಯಾವ ಊರಿಗೆ ಕೊಟ್ರು. ಗಂಡಸರ ಹೆಸರು ಬಿಡಿ, ಅವು ಪಹಣೀಲಿ ಅವೆ. ನಾನು ಕೇಳಬೇಕಾಗಿದ್ದೋರು ಯಾರೂ ಈಗ ಇಲ್ಲ. ನಿಮ್ಮ ಮನೇಲಿ ಇನ್ನೂ ಇದ್ದಾರು.